ನೀರು, ನೆಲ ಮತ್ತು ನಡುವಿನ ದಾರಿ: ಬೆಂಗಳೂರಿನ ಹೊರವಲಯದಲ್ಲಿ ಉಭಯಚರಗಳ ಜೀವನಚಕ್ರ

ಉಭಯಚರಗಳೆಂದರೆ ಬಾಳಿನ ಮೊದಲ ಘಟ್ಟವನ್ನು ನೀರಿನಲ್ಲಿಯೂ ಉಳಿದ ಘಟ್ಟವನ್ನು ಬಹುಮಟ್ಟಿಗೆ ನೆಲದ ಮೇಲೆಯೂ ಕಳೆಯುವ ಕಶೇರುಕಗಳು, ಅಂದರೆ ಬೆನ್ನೆಲುಬುಳ್ಳ ಪ್ರಾಣಿಗಳು. ಶಾಲೆಯ ಪಠ್ಯದಿಂದಲೇ ಪರಿಚಿತವಾದ ಈ ವಿವರಣೆಯೊಳಗೆ ಒಂದು ಕಠಿಣ ಷರತ್ತು ಅಡಗಿದೆ. ಇಂಥ ಪ್ರಾಣಿ ಒಂದೆಡೆ ನೆಲೆನಿಲ್ಲಬೇಕಾದರೆ ಅಲ್ಲಿ ತಕ್ಕ ನೀರಿರಬೇಕು, ತಕ್ಕ ನೆಲವಿರಬೇಕು, ಎರಡರ ನಡುವೆ ಹೋಗಿಬರುವ ದಾರಿಯೂ ತೆರೆದಿರಬೇಕು; ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಇದ್ದು ಪ್ರಯೋಜನವಿಲ್ಲ. ಬೆಂಗಳೂರಿನ ಹೊರವಲಯದ ಮಾಹಿತಿ ತಂತ್ರಜ್ಞಾನ ಮತ್ತು ಕೈಗಾರಿಕಾ ಪಟ್ಟಿಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳಲ್ಲಿ ಕಳೆದ ಐದು ದಶಕಗಳಲ್ಲಿ ಈ ಮೂರೂ ಒಟ್ಟೊಟ್ಟಿಗೆ ಬದಲಾಗಿವೆ. ಇಲ್ಲಿನ ಕೆರೆಗಳ ಅಳಿವು ಉಳಿವಿನ ಕುರಿತು ಸಾಕಷ್ಟು ಚರ್ಚೆ ನಡೆದಿದ್ದು, ಕೆರೆ ಉಳಿದರೆ ಅದನ್ನು ನೆಚ್ಚಿದ ಜೀವಿಗಳೂ ಉಳಿಯುತ್ತವೆ ಎಂಬ ನಂಬಿಕೆ ಆ ಚರ್ಚೆಯ ತಳದಲ್ಲಿದೆ. ಕಪ್ಪೆಗಳ ಬದುಕನ್ನು ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಪರಿಶೀಲಿಸಿದಾಗ ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ಸ್ಪಷ್ಟವಾಗುತ್ತದೆ.

ವರ್ಗ ಮತ್ತು ಅಧ್ಯಯನದ ಪರಂಪರೆ

ಸುಮಾರು 36 ಕೋಟಿ ವರ್ಷಗಳ ಹಿಂದೆ ಮೀನುಗಳ ಒಂದು ಶಾಖೆಯಿಂದ ನಾಲ್ಕು ಕಾಲಿನ ಪ್ರಾಣಿಗಳು ರೂಪುಗೊಂಡವು. ಅವುಗಳ ಸಂತತಿಯಲ್ಲಿ, ಮೊಟ್ಟೆಗೆ ಗಟ್ಟಿ ಕವಚವನ್ನಾಗಲೀ ಒಳಪೊರೆಯ ನೀರುಚೀಲವನ್ನಾಗಲೀ ಪಡೆಯದೆ ತೇವವನ್ನೇ ನೆಚ್ಚಿ ಉಳಿದ ಗುಂಪು ಇಂದಿನ ಉಭಯಚರಗಳದು. ಇವುಗಳಲ್ಲಿ ಮೂರು ಗಣಗಳಿವೆ. ಬಾಲವಿಲ್ಲದ ಕಪ್ಪೆ ಮತ್ತು ನೆಲಗಪ್ಪೆಗಳದು ಮೊದಲನೆಯದು, ಬಾಲವುಳ್ಳ ಸಲಮಾಂಡರ್‌ಗಳದು ಎರಡನೆಯದು, ಕಾಲುಗಳೇ ಇಲ್ಲದೆ ಮಣ್ಣಿನೊಳಗೆ ಬಾಳುತ್ತಾ ನೋಡಿದವರಿಗೆ ಎರೆಹುಳುವೆಂದೋ ಹಾವಿನ ಮರಿಯೆಂದೋ ಭ್ರಮೆ ಹುಟ್ಟಿಸುವ ಸಿಸಿಲಿಯನ್‌ಗಳದು ಮೂರನೆಯದು. ಜಗತ್ತಿನಲ್ಲಿ ಈವರೆಗೆ ಗುರುತಿಸಲಾದ 8,000ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಭಾರತದಲ್ಲಿರುವವು 400ಕ್ಕೂ ಹೆಚ್ಚು. ಸಲಮಾಂಡರ್‌ಗಳು ಭಾರತದಲ್ಲಿ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಿಗೆ ಸೀಮಿತವಾಗಿದ್ದು, ಕರ್ನಾಟಕದಲ್ಲಿ ಸಿಸಿಲಿಯನ್‌ಗಳಿಗೆ ಪಶ್ಚಿಮ ಘಟ್ಟದ ಒದ್ದೆ ಮಣ್ಣೇ ಮುಖ್ಯ ನೆಲೆಯಾಗಿರುವುದರಿಂದ, ಬೆಂಗಳೂರಿನ ಬಯಲಿನಲ್ಲಿ ಉಭಯಚರವೆಂದರೆ ಹೆಚ್ಚುಕಡಿಮೆ ಕಪ್ಪೆಯೆಂದೇ ಅರ್ಥ.

ಈ ಪ್ರಾಣಿಗಳ ವೈಜ್ಞಾನಿಕ ಅಧ್ಯಯನಕ್ಕೆ ಬೆಂಗಳೂರು ತೌರುಮನೆಗಳಲ್ಲಿ ಒಂದು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ನಾರಾಯಣರಾವ್ (1882–1960) ಅವರು 1920ರಲ್ಲಿಯೂ 1937ರಲ್ಲಿಯೂ ಪ್ರಕಟಿಸಿದ ಪ್ರಬಂಧಗಳಲ್ಲಿ ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ವರ್ಣಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರ ವರ್ಣನೆಗಳಿಗೆ ಆಧಾರವಾಗಿದ್ದ ಮಾದರಿಗಳು, ಅಂದರೆ ಒಂದು ಪ್ರಭೇದದ ಗುರುತಿಗೆ ಕಟ್ಟಕಡೆಯ ಸಾಕ್ಷಿಯಾಗಿ ಕಾಪಿಡಬೇಕಾದ ದೇಹಗಳು, ಕಾಲಕ್ರಮದಲ್ಲಿ ಕಳೆದುಹೋದವು. ಆ ನಷ್ಟದಿಂದ ಹುಟ್ಟಿದ ಗೊಂದಲಗಳನ್ನು ಬಿಡಿಸುವ ಕೆಲಸ ಮುಂದಿನ ತಲೆಮಾರಿನ ಪಾಲಿಗೆ ಬಂತು. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟದ್ದು ನಾರಾಯಣರಾಯರ ಗೌರವಾರ್ಥವಾಗಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಸಂಗಡಿಗರು ಕಪ್ಪೆಗಳ ಸಂತಾನೋತ್ಪತ್ತಿಯನ್ನೂ ಗೊದಮೊಟ್ಟೆಗಳ ನಡವಳಿಕೆಯನ್ನೂ ದಶಕಗಳ ಕಾಲ ಅಭ್ಯಸಿಸಿದರು. ಕೆ.ವಿ. ಗುರುರಾಜ ಅವರು 2012ರಲ್ಲಿ ಹೊರತಂದ ಪಶ್ಚಿಮ ಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿ ಈ ವಿದ್ಯೆಯನ್ನು ಸಾಮಾನ್ಯ ಆಸಕ್ತರ ಕೈಗೂ ತಲುಪಿಸಿತು.

ಹೊಸ ಪ್ರಭೇದಗಳು ದಟ್ಟಕಾಡಿನಲ್ಲಿ ಮಾತ್ರ ಸಿಗುತ್ತವೆ ಎಂಬ ಎಣಿಕೆಯನ್ನು ಎರಡು ಸಂಗತಿಗಳು ಸಡಿಲಿಸಿವೆ. 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ, ಹಿಂದೆ ಮರದ ದಿಮ್ಮಿಗಳನ್ನು ಪೇರಿಸುತ್ತಿದ್ದ ಜಾಗದಲ್ಲಿ, 'ಮೈಕ್ರೋಹೈಲಾ ಕೊಡಿಯಾಲ್' ಎಂಬ ಸಣ್ಣಬಾಯಿಯ ಕಪ್ಪೆ ವಿಜ್ಞಾನಕ್ಕೆ ಪರಿಚಯವಾಯಿತು. 2020ರಲ್ಲಿ ಪಿ. ದೀಪಕ್, ಕೆ.ಪಿ. ದಿನೇಶ್, ಕಾರ್ತಿಕ್ ಶಂಕರ್ ಮೊದಲಾದವರು ಬೆಂಗಳೂರಿನ ಉತ್ತರದ ಹೊರವಲಯದ ರಾಜಾನುಕುಂಟೆ ಬಳಿಯ ಬಂಜರಿನಿಂದ 'ಸ್ಫೇರೋಥೀಕಾ ಬೆಂಗಳೂರು' ಎಂಬ ಬಿಲಗಪ್ಪೆಯನ್ನು ವರ್ಣಿಸಿದರು. ಕಂದಾಯ ದಾಖಲೆಯಲ್ಲಿ ಪಾಳು ಎನಿಸಿಕೊಳ್ಳುವ ನೆಲ ಒಂದು ಪ್ರಭೇದಕ್ಕೆ ಮನೆಯಾಗಿತ್ತು ಎಂಬ ಈ ಸಂಗತಿ ಹೊರವಲಯದ ಉಭಯಚರಗಳ ವಿಚಾರದಲ್ಲಿ ಮತ್ತೆಮತ್ತೆ ನೆನೆಯಬೇಕಾದದ್ದು.

ನೆಲದ ಇಳಿಜಾರು ಮತ್ತು ಮಳೆಯ ಲೆಕ್ಕ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಏಣಿನ ಮೇಲೆ ಕುಳಿತಿರುವ ಬೆಂಗಳೂರಿಗೆ ಜೀವನದಿಯಿಲ್ಲ. ಬಿದ್ದ ಮಳೆ ಏಣಿನ ಎರಡೂ ಮಗ್ಗುಲಿಗೆ ಹರಿದುಹೋಗುತ್ತದೆ. ಹಿಂದಿನವರು ಇಳಿಜಾರಿನುದ್ದಕ್ಕೂ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವಂತೆ ಸರಣಿಗಳನ್ನು ನಿರ್ಮಿಸಿದರು. ಪೀಣ್ಯದ ಬಹುಭಾಗದ ನೀರು ವೃಷಭಾವತಿ ಕಣಿವೆಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ವೈಟ್‌ಫೀಲ್ಡ್ ಸೀಮೆಯದು ವರ್ತೂರು ಕೆರೆಯ ದಿಕ್ಕಿನಲ್ಲಿ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ದೊಡ್ಡತೋಗೂರು, ವೀರಸಂದ್ರ, ಹೆಬ್ಬಗೋಡಿ, ಹುಸ್ಕೂರು ಕೆರೆಗಳು ಆನೇಕಲ್ ಕಡೆಗೆ ಹಬ್ಬಿವೆ. ಆದರೆ ಈ ಜಲವ್ಯವಸ್ಥೆಯಲ್ಲಿ ಕೆರೆಗಳು ದೊಡ್ಡ ಕೊಂಡಿಗಳು ಮಾತ್ರ. ಅವುಗಳ ನಡುವೆ ದನಕರು ನೀರು ಕುಡಿಯುವ ಗೋಕಟ್ಟೆ, ಹೊಲದ ಮೂಲೆಯ ಕುಂಟೆ, ಭತ್ತದ ಗದ್ದೆ, ಗುಂಡುತೋಪಿನ ತಗ್ಗು, ಬೇಸಿಗೆಯಲ್ಲಿ ಒಣಗಿ ಹುಲ್ಲುಗಾವಲಾಗುವ ಕೆರೆಯಂಗಳ ಇವೆಲ್ಲ ಸೇರಿ ಅಲ್ಪಕಾಲದ ನೀರಿನ ಒಂದು ದಟ್ಟ ಜಾಲವಿತ್ತು.

ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಪಡೆಯುವ ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆ, ಜೂನ್‌ನಿಂದ ಮುಂಗಾರು, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಜೋರುಮಳೆ ಹೀಗೆ ಮಳೆಗಾಲ ಹಲವು ಕಂತುಗಳಲ್ಲಿ ಬರುತ್ತದೆ. ರೈತರು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಲ್ಲಿ ಎಣಿಸುವ ಮೊದಮೊದಲ ಮಳೆಗಳೇ ಇಲ್ಲಿನ ಹಲವು ಕಪ್ಪೆಗಳಿಗೆ ಹೊರಬರುವ ಕರೆ. ಮಳೆ ತಡವಾದಾಗ ಕಪ್ಪೆಗಳಿಗೆ ಮದುವೆ ಮಾಡಿಸುವ ಹಳ್ಳಿಗಳ ಆಚರಣೆಯ ಹಿಂದೆಯೂ ಕಪ್ಪೆಯ ಕೂಗು ಮತ್ತು ಮಳೆಯ ನಂಟನ್ನು ಬಲು ಹಿಂದಿನಿಂದ ಕಂಡುಕೊಂಡ ಅನುಭವವಿದೆ.

ಈ ಬಯಲಿನ ಕಪ್ಪೆಗಳನ್ನು ನೆಲೆಗೆ ಅನುಗುಣವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ವರ್ಷವಿಡೀ ನೀರಿನಂಚಿನಲ್ಲೇ ಇದ್ದು ಅಪಾಯ ಕಂಡರೆ ನೀರಿನ ಮೇಲೆಯೇ ಕುಪ್ಪಳಿಸುತ್ತಾ ದೂರ ಸರಿಯುವ ಕೆರೆಗಪ್ಪೆ, ಮಳೆಗಾಲದ ತಾತ್ಕಾಲಿಕ ನೀರನ್ನು ನೆಚ್ಚುವ ಗೂಳಿಗಪ್ಪೆ ಮತ್ತು ಗದ್ದೆಗಪ್ಪೆ ಮೊದಲ ಬಗೆಯವು. ನೀರನ್ನು ಮೊಟ್ಟೆಯಿಡಲು ಮಾತ್ರ ಆಶ್ರಯಿಸಿ ಉಳಿದಂತೆ ಮನೆಯಂಗಳ, ತೋಟ, ಕಲ್ಲಿನ ಸಂದುಗಳಲ್ಲಿ ಬಾಳುವ ನೆಲಗಪ್ಪೆ ಎರಡನೆಯದು. ಬಿಲಗಪ್ಪೆ, ಬಲೂನು ಕಪ್ಪೆ ಮತ್ತು ಸಣ್ಣಬಾಯಿಯ ಕಪ್ಪೆಗಳು ಮೆತ್ತನೆಯ ಮಣ್ಣನ್ನೂ ತರಗೆಲೆಯ ಹೊದಿಕೆಯನ್ನೂ ಬಯಸುವ ಮೂರನೆಯ ಬಗೆ. ಬೆರಳ ತುದಿಯ ಅಂಟುಬಿಲ್ಲೆಗಳ ನೆರವಿನಿಂದ ಗೋಡೆ, ಗಿಡ, ಬಾಳೆಯ ಸುಳಿಗಳನ್ನು ಏರುವ ಚುಕ್ಕೆಯ ಮರಗಪ್ಪೆ ನಾಲ್ಕನೆಯದು.

ಚರ್ಮವೆಂಬ ಅಂಗ

ಉಭಯಚರದ ದೇಹವನ್ನು ಅರಿಯಲು ಚರ್ಮದಿಂದಲೇ ಆರಂಭಿಸುವುದು ಸೂಕ್ತ. ಹುರುಪೆ, ಗರಿ, ಕೂದಲು ಯಾವುದೂ ಇಲ್ಲದ ಈ ತೆಳು ಚರ್ಮದ ಅಡಿಯಲ್ಲಿ ರಕ್ತನಾಳಗಳ ಬಲೆ ಹರಡಿದ್ದು, ಲೋಳೆಗ್ರಂಥಿಗಳು ಅದನ್ನು ಸದಾ ಒದ್ದೆಯಾಗಿಡುತ್ತವೆ. ಆ ತೇವದಲ್ಲಿ ಕರಗಿದ ಆಮ್ಲಜನಕ ನೇರವಾಗಿ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ; ಹೊಟ್ಟೆ ಮತ್ತು ತೊಡೆಗಳ ಸಂದಿನ ಚರ್ಮದ ಭಾಗವನ್ನು ಒದ್ದೆ ನೆಲಕ್ಕೆ ಒತ್ತಿ ಕುಳಿತು ನೀರನ್ನು ಹೀರಿಕೊಳ್ಳುತ್ತದೆ. ವಪೆಯಿಲ್ಲದ, ಎದೆಗೂಡು ಬೆಳೆಯದ ಈ ಪ್ರಾಣಿ ಗಂಟಲಿನ ತಳವನ್ನು ಏರಿಳಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಮೂರು ಕೋಣೆಗಳ ಹೃದಯದಲ್ಲಿ ಶ್ವಾಸಕೋಶದಿಂದ ಬಂದ ರಕ್ತವೂ ದೇಹದಿಂದ ಬಂದ ರಕ್ತವೂ ಒಂದೇ ಹೃತ್ಕುಕ್ಷಿಯನ್ನು ಹಂಚಿಕೊಂಡರೂ ಅವು ಪೂರ್ತಿ ಬೆರೆಯದಂತೆ ತಡೆಯುವ ಏರ್ಪಾಡು ಉಂಟು. ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿಕೊಂಡಿರುವ ಗ್ರಂಥಿಗಳು ಹಾಲಿನಂಥ ವಿಷವನ್ನು ಸ್ರವಿಸುವುದರಿಂದ ಅದನ್ನು ಕಚ್ಚಿದ ನಾಯಿ ನೊರೆ ಕಾರುತ್ತಾ ಬಿಟ್ಟುಬಿಡುತ್ತದೆ.

ಉಸಿರಾಟಕ್ಕೂ ನೀರಿಗೂ ಬಾಗಿಲಾಗಿರುವ ಈ ಚರ್ಮ ನೀರಿನಲ್ಲಿ ಕರಗಿದ ವಿಷಗಳನ್ನೂ ತಡೆಯಲಾರದು. ಉಭಯಚರಗಳನ್ನು ಪರಿಸರದ ಆರೋಗ್ಯದ ಸೂಚಕಗಳೆಂದು ಜೀವವಿಜ್ಞಾನಿಗಳು ಪರಿಗಣಿಸುವುದಕ್ಕೆ ಮುಖ್ಯ ಕಾರಣ ಇದೇ.

ಕೂಗು, ಕೂಡಿಕೆ, ಮೊಟ್ಟೆ

ಮಳೆ ಬಿದ್ದ ರಾತ್ರಿ ಕೇಳುವ ಕೂಗು ಬಹುಪಾಲು ಗಂಡುಗಳದು. ಶ್ವಾಸಕೋಶ ಮತ್ತು ಬಾಯಿಯ ನಡುವೆ ಗಾಳಿಯನ್ನು ಹಿಂದುಮುಂದಾಗಿ ಓಡಿಸುತ್ತಾ ಧ್ವನಿತಂತುಗಳು ಕಂಪಿಸುವಂತೆ ಮಾಡುವ ಗಂಡು, ಗಂಟಲಿನ ಧ್ವನಿಚೀಲವನ್ನು ಬಲೂನಿನಂತೆ ಉಬ್ಬಿಸಿ ಸದ್ದನ್ನು ದೂರಕ್ಕೆ ತಲುಪಿಸುತ್ತದೆ. ಪ್ರತಿ ಪ್ರಭೇದಕ್ಕೂ ತನ್ನದೇ ಸ್ವರ, ಲಯ, ಆವರ್ತನಗಳಿದ್ದು, ಹೆಣ್ಣು ಕತ್ತಲೆಯಲ್ಲಿ ತನ್ನ ಕುಲದ ಗಂಡನ್ನು ಗುರುತಿಸುವುದು ಕೂಗಿನಿಂದಲೇ. ಗೂಳಿಗಪ್ಪೆಯ ಗಂಡು ಕೂಡಿಕೆಯ ಕೆಲವು ದಿನಗಳ ಮಟ್ಟಿಗೆ ನಿಂಬೆಹಳದಿ ಬಣ್ಣ ತಳೆದು, ಕೆನ್ನೆಯ ಎರಡೂ ಬದಿಗೆ ಕಡುನೀಲಿ ಧ್ವನಿಚೀಲಗಳನ್ನು ಉಬ್ಬಿಸಿ ನಿಲ್ಲುತ್ತದೆ. ಹೆಣ್ಣು ಒಪ್ಪಿ ಹತ್ತಿರ ಬಂದಾಗ ಗಂಡು ಬೆನ್ನನ್ನೇರಿ ಮುಂಗಾಲುಗಳಿಂದ ತಬ್ಬಿ ಹಿಡಿಯುತ್ತದೆ. ಹೆಣ್ಣು ಮೊಟ್ಟೆಯಿಟ್ಟಂತೆ ಗಂಡು ಅವುಗಳ ಮೇಲೆ ವೀರ್ಯ ಬಿಡುವುದರಿಂದ ಗರ್ಭಾಂಕುರ ದೇಹದ ಹೊರಗೆ, ನೀರಿನಲ್ಲಿ ನಡೆಯುತ್ತದೆ.

ಮೊಟ್ಟೆಯಿಡುವ ರೀತಿಯಲ್ಲಿ ಒಂದೊಂದು ಕುಲದ್ದೂ ಒಂದೊಂದು ಪದ್ಧತಿ. ನೆಲಗಪ್ಪೆ ಲೋಳೆಯ ಉದ್ದನೆಯ ಎಳೆಗಳಲ್ಲಿ ಸಾವಿರಾರು ಕರಿ ಮೊಟ್ಟೆಗಳನ್ನು ಪೋಣಿಸಿ ನೀರಿನ ಗಿಡಗಳಿಗೆ ಸುತ್ತುತ್ತದೆ. ಸಣ್ಣಬಾಯಿಯ ಕಪ್ಪೆಯ ಮೊಟ್ಟೆಗಳು ನೀರಿನ ಮೇಲ್ಮೈಯಲ್ಲಿ ಒಂದೇ ಪದರದ ಹಾಳೆಯಂತೆ ತೇಲುತ್ತವೆ. ಮರಗಪ್ಪೆಯದು ಇನ್ನೂ ಸೂಕ್ಷ್ಮವಾದ ಕಟ್ಟಡ. ನೀರಿನ ಮೇಲೆ ಬಾಗಿದ ಎಲೆಯನ್ನೋ, ತೊಟ್ಟಿಯ ಗೋಡೆಯನ್ನೋ ಆಯ್ದು ಹೆಣ್ಣು ತನ್ನ ದೇಹದಿಂದ ಸ್ರವಿಸುವ ದ್ರವವನ್ನು ಹಿಂಗಾಲುಗಳಿಂದ ಕಡೆದು ಬಿಳಿ ನೊರೆಯ ಗೂಡು ಮಾಡುತ್ತದೆ. ಹೊರಪದರ ಒಣಗಿ ಗಟ್ಟಿಯಾದರೂ ಒಳಗೆ ಮೊಟ್ಟೆಗಳು ಒದ್ದೆಯಾಗಿದ್ದು, ಕೆಲವೇ ದಿನಗಳಲ್ಲಿ ಮರಿಗಳು ಗೂಡಿನ ತಳವನ್ನು ಕರಗಿಸಿಕೊಂಡು ಕೆಳಗಿನ ನೀರಿಗೆ ಬೀಳುತ್ತವೆ. ಆ ಹೊತ್ತಿಗೆ ಕೆಳಗೆ ನೀರಿರಲೇಬೇಕು. ಪಶ್ಚಿಮ ಘಟ್ಟದಲ್ಲಿ ಈ ವೈವಿಧ್ಯ ಮತ್ತಷ್ಟು ಹಿಗ್ಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕಂಡು 2014ರಲ್ಲಿ ವರ್ಣಿಸಲಾದ ಕುಂಬಾರ ಕಪ್ಪೆಯ ಗಂಡು ಕೈಯಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ.

ಗೊದಮೊಟ್ಟೆಯ ಬದುಕು

ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆ ರಚನೆಯಲ್ಲಿ ಮೀನಿಗೆ ಹತ್ತಿರ. ಮೊದಲು ಹೊರಗೆ ಕಾಣುವ ಕಿವಿರುಗಳಿಂದಲೂ ಅನಂತರ ಚರ್ಮದ ಮಡಿಕೆ ಅವುಗಳನ್ನು ಮುಚ್ಚಿದ ಮೇಲೆ ಒಳಕಿವಿರುಗಳಿಂದಲೂ ಅದು ಉಸಿರಾಡುತ್ತದೆ. ಬಹುಪಾಲು ಪ್ರಭೇದಗಳ ಗೊದಮೊಟ್ಟೆಗಳು ಕೊಂಬಿನಂಥ ಗಡಸು ತುಟಿ ಮತ್ತು ಸಾಲು ಹಲ್ಲುಗಳಿಂದ ಕಲ್ಲು, ಎಲೆಗಳ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದರಿಂದ ಅವುಗಳ ಕರುಳು ಸುರುಳಿ ಸುತ್ತಿದಂತೆ ಬಹಳ ಉದ್ದವಾಗಿರುತ್ತದೆ. ಸಣ್ಣಬಾಯಿಯ ಕಪ್ಪೆಯ ಪಾರದರ್ಶಕ ಮರಿಗಳು ಹಲ್ಲಿಲ್ಲದೆ, ನೀರಿನ ನಡುವೆ ತೇಲುತ್ತಾ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತವೆ. ಗೂಳಿಗಪ್ಪೆಯ ಮರಿಗಳು ಬೇರೆ ಗೊದಮೊಟ್ಟೆಗಳನ್ನೇ ಹಿಡಿದು ತಿನ್ನುವ ಮಾಂಸಾಹಾರಿಗಳು. ನೆಲಗಪ್ಪೆಯ ಕರಿ ಮರಿಗಳು ಗುಂಪುಗೂಡಿ ಚಲಿಸುತ್ತವೆ. ಅವು ವಾಸನೆಯ ಸುಳಿವಿನಿಂದ ಒಡಹುಟ್ಟುಗಳನ್ನು ಗುರುತಿಸಿ ಅವುಗಳ ಸಂಗವನ್ನೇ ಹೆಚ್ಚು ಬಯಸುತ್ತವೆ ಎಂಬುದನ್ನು ಧಾರವಾಡದ ಪ್ರಯೋಗಗಳು ತೋರಿಸಿಕೊಟ್ಟವು. ಹೀಗೆ ಮೊಣಕಾಲುದ್ದದ ಒಂದು ಕುಂಟೆಯಲ್ಲೇ ಕೆರೆಯುವವು, ಸೋಸುವವು, ಬೇಟೆಯಾಡುವವು ಸೇರಿ ಪಾಚಿಯನ್ನು ಹದ್ದಿನಲ್ಲಿಡುತ್ತವೆ, ಕೊಕ್ಕರೆ ಬಕಪಕ್ಷಿಗಳಿಗೂ ನೀರುಹಾವಿಗೂ ಆಹಾರವಾಗುತ್ತವೆ.

ರೂಪಾಂತರ

ಗೊದಮೊಟ್ಟೆ ಕಪ್ಪೆಯಾಗುವ ಪ್ರಕ್ರಿಯೆ, ಅಂದರೆ ರೂಪಾಂತರ, ಕಶೇರುಕಗಳಲ್ಲಿ ಕಾಣುವ ಅತ್ಯಂತ ಸಮಗ್ರ ಪುನಾರಚನೆಗಳಲ್ಲಿ ಒಂದು. ಇದನ್ನು ನಡೆಸುವುದು ಕೊರಳಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಎಂಬುದಕ್ಕೆ ಮೊದಲ ಪುರಾವೆ 1912ರಲ್ಲಿ ದೊರೆಯಿತು. ಗುಡರ್ನಾಚ್ ಎಂಬ ವಿಜ್ಞಾನಿ ಕುದುರೆಯ ಥೈರಾಯ್ಡ್ ಅಂಗಾಂಶವನ್ನು ತಿನ್ನಿಸಿದ ಗೊದಮೊಟ್ಟೆಗಳು ಅವಧಿಗೆ ಮುಂಚೆಯೇ ಪುಟಾಣಿ ಕಪ್ಪೆಗಳಾದವು. ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿ 1960ರಲ್ಲಿ ಗಾಸ್ನರ್ ರಚಿಸಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ.

ಕ್ರಮವನ್ನು ಹತ್ತಿರದಿಂದ ಗಮನಿಸಿದರೆ, ಮೊದಲು ಬಾಲದ ಬುಡದಲ್ಲಿ ಹಿಂಗಾಲಿನ ಮೊಗ್ಗುಗಳು ಮೂಡಿ ನಿಧಾನವಾಗಿ ಬೆರಳು ಬಿಡುತ್ತವೆ. ಮುಂಗಾಲುಗಳು ಕಿವಿರಿನ ಮುಚ್ಚಳದ ಒಳಗೇ ಮರೆಯಾಗಿ ಬೆಳೆದು ಒಂದು ದಿನ ಚರ್ಮವನ್ನು ತೂರಿಕೊಂಡು ಹೊರಬರುತ್ತವೆ. ಅಲ್ಲಿಂದ ಮುಂದಿನ ಕೆಲವು ದಿನಗಳು ಇಡೀ ಬದುಕಿನಲ್ಲೇ ಅತ್ಯಂತ ಅಪಾಯದವು, ಏಕೆಂದರೆ ಕಾಲುಗಳಿರುವುದರಿಂದ ಚೆನ್ನಾಗಿ ಈಜಲಾಗದ, ಬಾಲವಿರುವುದರಿಂದ ಚೆನ್ನಾಗಿ ನೆಗೆಯಲಾಗದ ಸ್ಥಿತಿ ಅದು. ಗಡಸು ತುಟಿ ಉದುರಿ ಅಗಲವಾದ ಬಾಯಿ ರೂಪುಗೊಳ್ಳುವವರೆಗೆ ಮರಿ ಏನನ್ನೂ ತಿನ್ನುವುದಿಲ್ಲ. ಬಾಲ ಕಳಚಿ ಬೀಳುವುದೂ ಇಲ್ಲ. ಅದರ ಜೀವಕೋಶಗಳು ಕ್ರಮಬದ್ಧವಾಗಿ ಸತ್ತು ಕರಗಿ, ಆ ಸಾರವೇ ಉಪವಾಸದ ದಿನಗಳಲ್ಲಿ ದೇಹಕ್ಕೆ ಪೋಷಣೆಯಾಗುತ್ತದೆ. ಉದ್ದದ ಕರುಳು ಹುಳುಹುಪ್ಪಟೆ ಜೀರ್ಣಿಸಲು ತಕ್ಕಂತೆ ಗಿಡ್ಡವಾಗುತ್ತದೆ, ಕಿವಿರು ಅಳಿದು ಶ್ವಾಸಕೋಶ ಕೆಲಸಕ್ಕೆ ತೊಡಗುತ್ತದೆ, ನೀರಿಗೆ ಅಮೋನಿಯ ಬಿಡುತ್ತಿದ್ದ ದೇಹ ನೆಲದ ಮೇಲೆ ನೀರುಳಿಸಲು ಯೂರಿಯ ತಯಾರಿಸಲಾರಂಭಿಸುತ್ತದೆ.

ಗೊದಮೊಟ್ಟೆಯ ಅಂಗಾಂಶದಲ್ಲಿ ಎಷ್ಟು ಸಾಧ್ಯತೆಗಳು ಮಲಗಿವೆ ಎಂಬುದನ್ನು ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಮೊಹಾಂತಿ ಹೆಜ್ಮಾಡಿ, ಎಸ್.ಕೆ. ದತ್ತ ಮತ್ತು ಮಹಾಪಾತ್ರ ಅವರು 1992ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಬಲೂನು ಕಪ್ಪೆಯ ಗೊದಮೊಟ್ಟೆಗಳ ಬಾಲವನ್ನು ಕತ್ತರಿಸಿ 'ಎ' ಜೀವಸತ್ವದ ದ್ರಾವಣದಲ್ಲಿಟ್ಟಾಗ ಬಾಲದ ಜಾಗದಲ್ಲಿ ಕಾಲುಗಳು ಬೆಳೆದವು. ಬೆಂಗಳೂರಿನ ಸುತ್ತಲೂ ಇರುವ ನೆಲಗಪ್ಪೆಯ ಕುಲಕ್ಕೆ 'ದತ್ತಾಫ್ರೈನಸ್' ಎಂಬ ಹೆಸರು ಬಂದಿರುವುದು ಇದೇ ಸುಶೀಲ್ ಕುಮಾರ್ ದತ್ತ ಅವರಿಂದ.

ಬಯಲುಸೀಮೆಯ ಹಲವು ಪ್ರಭೇದಗಳಿಗೆ ಮೊಟ್ಟೆಯಿಂದ ರೂಪಾಂತರದವರೆಗೆ ಬೇಕಾಗುವ ಅವಧಿ ಸುಮಾರು ನಾಲ್ಕರಿಂದ ಏಳು ವಾರ. ಕುಂಟೆ ಬೇಗ ಬತ್ತತೊಡಗಿದರೆ ಗೊದಮೊಟ್ಟೆಯ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಏರಿ ರೂಪಾಂತರವನ್ನು ಚುರುಕುಗೊಳಿಸುತ್ತವೆ. ಪ್ರಾಣ ಉಳಿದರೂ ಮರಿ ಗಾತ್ರದಲ್ಲಿ ಸಣ್ಣದಾಗುತ್ತದೆ, ಸಣ್ಣ ಮರಿ ನೆಲದ ಮೇಲೆ ಬದುಕುಳಿಯುವ ಸಾಧ್ಯತೆಯೂ ತಗ್ಗುತ್ತದೆ. ಹಾಗಿದ್ದರೂ ಇವು ಬತ್ತುವ ನೀರನ್ನೇ ಆರಿಸಿಕೊಳ್ಳುವುದಕ್ಕೆ ಬಲವಾದ ಕಾರಣವಿದೆ. ವರ್ಷವಿಡೀ ನಿಲ್ಲುವ ನೀರಿನಲ್ಲಿ ಮೀನುಗಳಿರುತ್ತವೆ, ಮೀನುಗಳು ಮೊಟ್ಟೆ ಮರಿಗಳನ್ನು ಉಳಿಸುವುದಿಲ್ಲ; ಒಂದೆರಡು ತಿಂಗಳು ಮಾತ್ರ ನಿಲ್ಲುವ ಕುಂಟೆಯಲ್ಲಿ ಮೀನು ನೆಲೆಯೂರಲಾರದು.

ನೆಲದೊಳಗಿನ ಕಾಲ

ರೂಪಾಂತರ ಮುಗಿಸಿದ ಮರಿ ನೀರು ಬಿಟ್ಟು ಹೊರಡುತ್ತದೆ. ಬಿಲಗಪ್ಪೆ ಮತ್ತು ಬಲೂನು ಕಪ್ಪೆಗಳ ಹಿಂಗಾಲಿನ ಪಾದದಲ್ಲಿ ಸಲಿಕೆಯಂಥ ಗಡಸು ಗಂಟಿದ್ದು, ಅವು ಕಾಲುಗಳಿಂದ ಮಣ್ಣನ್ನು ಬದಿಗೆ ತಳ್ಳುತ್ತಾ ಹಿಮ್ಮುಖವಾಗಿ ಇಳಿಯುತ್ತವೆ. ಕೊನೆಗೆ ಮುಖವೂ ಮಣ್ಣಿನಲ್ಲಿ ಮರೆಯಾಗುತ್ತದೆ. ಚಳಿಗಾಲದ ಒಣಹವೆಯನ್ನೂ ಬೇಸಿಗೆಯನ್ನೂ ಅವು ಹೀಗೆ ನೆಲದಡಿಯಲ್ಲೇ, ದೇಹದ ವ್ಯಾಪಾರಗಳನ್ನು ತಗ್ಗಿಸಿಕೊಂಡು ಕಳೆಯುತ್ತವೆ. ಇದನ್ನು ಗ್ರೀಷ್ಮನಿದ್ರೆ ಎನ್ನುತ್ತಾರೆ. ಇರುವೆ ಗೆದ್ದಲುಗಳೇ ಮುಖ್ಯ ಆಹಾರವಾದ ಬಲೂನು ಕಪ್ಪೆಗೆ ವರ್ಷದಲ್ಲಿ ನೀರಿನ ಹಂಗು ಕೆಲವೇ ದಿನಗಳದ್ದು. ಉಳಿದ ಕಾಲವೆಲ್ಲ ಅದಕ್ಕೆ ಬೇಕಾದದ್ದು ಅಗೆಯಬಹುದಾದ ಮಣ್ಣು. ಆದ್ದರಿಂದ ಕಪ್ಪೆಯ ನೆಲೆಯನ್ನು ಗುರುತಿಸುವಾಗ ನೀರನ್ನು ಮಾತ್ರ ನೋಡುವವರು ಅದರ ಬದುಕಿನ ಹೆಚ್ಚಿನ ಪಾಲನ್ನು ಲೆಕ್ಕದಿಂದ ಬಿಟ್ಟಂತೆ.

ಮೂರು ಪಟ್ಟಿಗಳು, ಮೂರು ಒತ್ತಡಗಳು

ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ನೀಡಿದ 3,900 ಎಕರೆ ಭೂಮಿಯಲ್ಲಿ ಕೃಷಿ ವಸಾಹತಾಗಿ ಹುಟ್ಟಿದ ಊರು. 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಅದರ ಹೊಲತೋಟಗಳು ಬಹುಮಹಡಿ ಕಟ್ಟಡಗಳಾದವು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ತಲೆಯೆತ್ತಿತು. ಪೀಣ್ಯ 1970ರ ದಶಕದಿಂದ ಸಣ್ಣ ಕೈಗಾರಿಕೆಗಳ ದೊಡ್ಡ ಕೇಂದ್ರವಾಗಿ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಉಪಗ್ರಹ ಚಿತ್ರಾಧಾರಿತ ಅಧ್ಯಯನಗಳ ಪ್ರಕಾರ 1970ರ ದಶಕದಿಂದೀಚೆಗೆ ಬೆಂಗಳೂರು ತನ್ನ ಹಸಿರು ಹೊದಿಕೆಯ ಶೇಕಡ 88ರಷ್ಟನ್ನೂ ಜಲಮೂಲಗಳ ಶೇಕಡ 79ರಷ್ಟನ್ನೂ ಕಳೆದುಕೊಂಡಿದೆ.

ಪೀಣ್ಯದಲ್ಲಿ ಲೋಹಲೇಪನ ಘಟಕಗಳ ಆಸುಪಾಸಿನ ಅಂತರ್ಜಲದಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ, ಅಂದರೆ ಆ ಲೋಹದ ಹೆಚ್ಚು ವಿಷಕಾರಿಯಾದ ರೂಪ, ಸೇರಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ನೀರನ್ನು ಚರ್ಮದಿಂದಲೇ ಹೀರುವ, ಕಿವಿರಿನಿಂದ ಉಸಿರಾಡುವ ಜೀವಿಗೆ ಭಾರಲೋಹಗಳು ಬೆಳವಣಿಗೆ ಕುಂಠಿಸುವ, ಅಂಗವೈಕಲ್ಯ ತರುವ ವಿಷಗಳು. ವೈಟ್‌ಫೀಲ್ಡ್ ಸೀಮೆಯ ಸಮಸ್ಯೆ ಮುಖ್ಯವಾಗಿ ಮನೆಗಳ ಕೊಳಚೆಯದು. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಂದ ಎದ್ದ ನೊರೆ ರಸ್ತೆಗೆ ಹಾರಿದ್ದು, 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದು ದೇಶದ ಗಮನ ಸೆಳೆದವು. ಆ ನೊರೆಗೆ ಕಾರಣವಾದ ಡಿಟರ್ಜೆಂಟುಗಳು ಕಿವಿರಿನ ಪೊರೆಯನ್ನು ಹಾಳುಮಾಡುತ್ತವೆ; ಕೊಳಚೆಯ ಅಮೋನಿಯ ಗೊದಮೊಟ್ಟೆಗಳನ್ನು ನೇರವಾಗಿ ಕೊಲ್ಲುತ್ತದೆ. ಇಂಥ ನೀರಿನಲ್ಲೂ ಕೆರೆಗಪ್ಪೆ ಮತ್ತು ನೆಲಗಪ್ಪೆಗಳಂಥ ಸಹಿಷ್ಣು ಪ್ರಭೇದಗಳು ಅಂಚಿನಲ್ಲಿ ಉಳಿದುಕೊಳ್ಳಬಲ್ಲವು. ಅವುಗಳ ಕೂಗನ್ನು ಕೇಳಿ ಎಲ್ಲ ಕಪ್ಪೆಗಳೂ ಸುಖವಾಗಿವೆ ಎಂದುಕೊಂಡರೆ ಮೋಸ ಹೋದಂತೆ, ಏಕೆಂದರೆ ಕುಂಟೆಯನ್ನೂ ಮೆತ್ತನೆಯ ಮಣ್ಣನ್ನೂ ಬೇಡುವ ಪ್ರಭೇದಗಳು ಅಷ್ಟರಲ್ಲಿ ಸದ್ದಿಲ್ಲದೆ ಕಾಣೆಯಾಗಿರಬಹುದು.

ಎಲೆಕ್ಟ್ರಾನಿಕ್ ಸಿಟಿಯಂಥ ಪ್ರದೇಶದಲ್ಲಿ ವಿಷಕ್ಕಿಂತ ಕಾಂಕ್ರೀಟಿನ ಪಾತ್ರ ಹಿರಿದು. ಆವರಣದ ಗೋಡೆ, ಎತ್ತರದ ರಸ್ತೆಬದಿಯ ಕಲ್ಲು, ನೇರ ಗೋಡೆಗಳ ಚರಂಡಿ, ಹೆದ್ದಾರಿಯ ನಡುಗೋಡೆ ಇವು ಬೆರಳುಗುರಿನ ಗಾತ್ರದ ಮರಿಗೆ ದಾಟಲಾಗದ ಕೋಟೆಗಳು. ಚರಂಡಿಗೆ ಬಿದ್ದ ನೆಲಗಪ್ಪೆ ಹತ್ತಿ ಹೊರಬರಲಾರದು. ಮಳೆಯ ರಾತ್ರಿ ನೀರು ಹುಡುಕಿ ಹೊರಟ ಕಪ್ಪೆಗಳು ಗಾಲಿಗಳಿಗೆ ಸಿಗುತ್ತವೆ. ಬೀದಿದೀಪದ ಕೆಳಗೆ ಹುಳುಗಳಿಗಾಗಿ ಸೇರುವ ನೆಲಗಪ್ಪೆಗಳಿಗೆ ಊಟ ಸುಲಭವಾದರೂ ರಸ್ತೆಯೇ ಅವುಗಳ ಪಂಕ್ತಿಯಾಗುತ್ತದೆ. ವಾಹನಗಳ ಎಡೆಬಿಡದ ತಗ್ಗುಸ್ವರದ ಸದ್ದು ಗಂಡಿನ ಕೂಗನ್ನು ಮುಚ್ಚಿಹಾಕುವುದೂ ಉಂಟು. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಮೀನು ಕಪ್ಪೆಯ ಮೊಟ್ಟೆ ಮರಿಗಳನ್ನೂ ತಿನ್ನುವುದರಿಂದ, ಅದನ್ನು ಬಿಟ್ಟ ಕುಂಟೆ ಕಪ್ಪೆಗಳ ಪಾಲಿಗೆ ಇಲ್ಲವಾದಂತೆ.

ಈ ಸ್ಥಳೀಯ ಒತ್ತಡಗಳ ಹಿಂದೆ ಜಾಗತಿಕ ಹಿನ್ನೆಲೆಯೊಂದಿದೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಎರಡನೆಯ ಜಾಗತಿಕ ಉಭಯಚರ ಮೌಲ್ಯಮಾಪನದ ಪ್ರಕಾರ ಪ್ರಭೇದಗಳಲ್ಲಿ ಶೇಕಡ 40.7ರಷ್ಟು ಅಳಿವಿನ ಭೀತಿಯಲ್ಲಿವೆ. ಕಶೇರುಕಗಳ ಬೇರಾವ ವರ್ಗವೂ ಇಷ್ಟು ಸಂಕಟದಲ್ಲಿಲ್ಲ. ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರರೋಗ ಜಗತ್ತಿನಾದ್ಯಂತ ಕನಿಷ್ಠ 501 ಪ್ರಭೇದಗಳನ್ನು ಕುಗ್ಗಿಸಿದೆ ಎಂದು 2019ರ ಅಧ್ಯಯನವೊಂದು ಅಂದಾಜಿಸಿತು. ಕಾನೂನು ನೆರವಾದ ಉದಾಹರಣೆಯೂ ಇದೆ. ಗೂಳಿಗಪ್ಪೆಯ ಕಾಲುಗಳನ್ನು ವಿದೇಶಕ್ಕೆ ಕಳಿಸುವ ದೊಡ್ಡ ವ್ಯಾಪಾರ ಭಾರತದಲ್ಲಿ ನಡೆಯುತ್ತಿದ್ದು, 1985ರಲ್ಲಿ ಆ ಪ್ರಭೇದವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು, 1987ರಲ್ಲಿ ಭಾರತ ರಫ್ತನ್ನೇ ನಿಷೇಧಿಸಿತು. ಬೇಟೆಯನ್ನು ತಡೆಯುವ ಕಾನೂನು ಹೀಗೆ ಸಾಧ್ಯವಾಯಿತು. ನೆಲೆಯನ್ನು ಕಾಯುವ ಕಾನೂನು ಅಷ್ಟು ಸುಲಭವಾಗಿಲ್ಲ.

ಮೂವತ್ತು ಮೀಟರಿನ ಪ್ರಶ್ನೆ

ಕೆರೆಯ ಸುತ್ತ ಎಷ್ಟು ಜಾಗ ಬಿಡಬೇಕೆಂಬ ವಿವಾದ ಈ ಪ್ರಶ್ನೆಯ ನಡುವಿಗೇ ತಲುಪುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ನಗರ ಯೋಜನೆ ಕೆರೆಗಳ ಅಂಚಿನಿಂದ 30 ಮೀಟರ್ ಕಾಯ್ದಿರಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿದ್ದರಿಂದ ಹಳೆಯ ಅಳತೆಯೇ ಉಳಿಯಿತು. ವಾದವಿವಾದಗಳು ನಗರ ಯೋಜನೆ, ಆಸ್ತಿ ಹಕ್ಕು, ಶಾಸನಾಧಿಕಾರಗಳ ಸುತ್ತ ನಡೆದವು. ಜೀವಶಾಸ್ತ್ರದ ಅಳತೆ ಬೇರೆಯೇ ಇದೆ. ಅಮೆರಿಕದ ಸೆಮ್‌ಲಿಟ್ಷ್ ಮತ್ತು ಬೋಡಿ ಎಂಬ ವಿಜ್ಞಾನಿಗಳು ಅನೇಕ ಉಭಯಚರ ಪ್ರಭೇದಗಳ ಸಂಚಾರದ ಮಾಹಿತಿ ಕಲೆಹಾಕಿ 2003ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಜೌಗಿನ ಅಂಚಿನಿಂದ 159ರಿಂದ 290 ಮೀಟರ್‌ವರೆಗಿನ ನೆಲ ಉಭಯಚರಗಳ ಬದುಕಿಗೆ ಅನಿವಾರ್ಯವಾದ ತಿರುಳು ಪ್ರದೇಶವೆಂದು ಕಂಡುಬಂತು. ದಖ್ಖನ್ ಬಯಲಿನ ಪ್ರಭೇದಗಳಿಗೆ ಈ ಅಂಕಿಯನ್ನು ಯಥಾವತ್ತಾಗಿ ಹಚ್ಚುವಂತಿಲ್ಲವಾದರೂ, 30 ಮೀಟರ್ ಪಟ್ಟಿ ಮತ್ತು ಕಪ್ಪೆಯ ಅಗತ್ಯದ ನಡುವಿನ ಅಂತರ ಯಾವ ಪ್ರಮಾಣದ್ದು ಎಂಬುದನ್ನು ಅದು ತಿಳಿಸುತ್ತದೆ. ಆ 30 ಮೀಟರಿನಲ್ಲೂ ನೆಲಹಾಸಿನ ನಡಿಗೆದಾರಿ, ಅಲಂಕಾರದ ಹುಲ್ಲು, ದೀಪದ ಕಂಬಗಳು ಬಂದರೆ ಬಿಲಗಪ್ಪೆಗೆ ಉಳಿಯುವ ಮಣ್ಣು ಅತ್ಯಲ್ಪ.

ಕೆರೆಗಳ ಪುನರುಜ್ಜೀವನವನ್ನೂ ಇದೇ ದೃಷ್ಟಿಯಿಂದ ನೋಡಬೇಕಾಗುತ್ತದೆ. ಹೂಳೆತ್ತಿ ತಳವನ್ನು ಏಕರೂಪವಾಗಿ ಆಳಗೊಳಿಸಿ, ದಡಕ್ಕೆ ಕಡಿದಾದ ಕಲ್ಲುಕಟ್ಟಡ ಹಾಕಿ, ಮೀನು ಬಿಟ್ಟರೆ ನೀರಿನ ಸಂಗ್ರಹ ಹೆಚ್ಚುತ್ತದೆ, ನೋಟವೂ ಚೆಂದವಾಗುತ್ತದೆ. ಆದರೆ ಮೊಟ್ಟೆಯೆಳೆಗಳನ್ನು ಸುತ್ತಲು ಜೊಂಡಿರುವ ತೆಳುನೀರು, ಹೊಸಕಪ್ಪೆ ಮೇಲೇರಲು ಇಳಿಜಾರಾದ ಮಣ್ಣಿನ ದಡ ಇಲ್ಲವಾಗುತ್ತವೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ತುಂಬಿದ ಜೌಗಿನ ಮೂಲಕ ಹಾಯ್ದು ಕೆರೆ ಸೇರುವಂತೆ ಮಾಡಿರುವ ಏರ್ಪಾಡು, ನೀರಿನ ಶುದ್ಧಿಯೂ ಜೀವಿಗಳ ನೆಲೆಯೂ ಒಂದೇ ವಿನ್ಯಾಸದಲ್ಲಿ ಕೂಡಿಬರಬಲ್ಲವೆಂಬುದಕ್ಕೆ ಬೆಂಗಳೂರಿನಲ್ಲೇ ಇರುವ ನಿದರ್ಶನ.

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯಗಳು ಕಾರ್ಯರೂಪಕ್ಕೆ ತರಲು ಕಷ್ಟವಾದವೇನಲ್ಲ. ಗ್ರಾಮನಕ್ಷೆಗಳಲ್ಲಿ ಗುರುತಾಗಿರುವ ಕುಂಟೆ, ಗೋಕಟ್ಟೆಗಳನ್ನು ಕೆರೆಗಳಷ್ಟೇ ಗಂಭೀರವಾಗಿ ಪಟ್ಟಿಮಾಡಿ ಉಳಿಸಬೇಕು. ಬೇಸಿಗೆಯಲ್ಲಿ ಬತ್ತುವುದು ಅವುಗಳ ದೋಷವೆಂದು ಭಾವಿಸಿ ಮಣ್ಣು ಸುರಿಯುವುದನ್ನೂ ಮೀನು ಬಿಡುವುದನ್ನೂ ನಿಲ್ಲಿಸಬೇಕು. ಕೆರೆಯ ದಡದ ಒಂದು ಭಾಗವನ್ನಾದರೂ ಇಳಿಜಾರಾಗಿಯೂ ಕತ್ತಲಾಗಿಯೂ ಬಿಡಬೇಕು. ಚರಂಡಿಗಳಿಗೆ ಅಲ್ಲಲ್ಲಿ ಒರಟಾದ ಇಳಿಜಾರು ಕಟ್ಟಿ, ಆವರಣ ಗೋಡೆಗಳ ಬುಡದಲ್ಲಿ ಕಿಂಡಿ ಬಿಡಬೇಕು. ನೂರಾರು ಎಕರೆ ವಿಸ್ತಾರದ ಕಂಪನಿ ಆವರಣಗಳು ಮಳೆನೀರು ಇಂಗಿಸಲು ಹೇಗೂ ತಗ್ಗುಗಳನ್ನು ಮಾಡುತ್ತವೆ. ಆರೆಂಟು ವಾರ ನೀರು ನಿಲ್ಲುವಂತೆ ಅವುಗಳನ್ನು ರೂಪಿಸಿ, ಸುತ್ತ ಕೀಟನಾಶಕ ಬಳಸದೆ ತರಗೆಲೆಯನ್ನು ಉಳಿಸಿದರೆ ಕಳೆದುಹೋದ ಕುಂಟೆಗಳ ಪಾತ್ರವನ್ನು ಅವು ಸ್ವಲ್ಪಮಟ್ಟಿಗಾದರೂ ವಹಿಸಬಲ್ಲವು. ಮಳೆಗಾಲದಲ್ಲಿ ಕೂಗುಗಳನ್ನು ಧ್ವನಿಮುದ್ರಿಸಿ ಯಾವ ಪ್ರಭೇದ ಎಲ್ಲಿ ಉಳಿದಿದೆ ಎಂದು ದಾಖಲಿಸುವ ಕೆಲಸವನ್ನು ಈ ಪಟ್ಟಿಗಳ ಕಾಲೇಜುಗಳೂ ನಿವಾಸಿಗಳ ಸಂಘಗಳೂ ಕೈಗೊಳ್ಳಬಹುದು. ರಾಜಾನುಕುಂಟೆಯ ಬಂಜರಿನಲ್ಲಿದ್ದ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2020ರಲ್ಲಿ. ಅಂಥ ಎಷ್ಟು ಬಂಜರುಗಳು ಅದಕ್ಕೂ ಮುಂಚೆಯೇ ಯಾರೂ ಪರೀಕ್ಷಿಸದೆ ನಿವೇಶನಗಳಾದವು ಎಂಬುದನ್ನು ಈಗ ತಿಳಿಯುವ ಮಾರ್ಗವಿಲ್ಲ. ಉಳಿದಿರುವ ಬಂಜರು, ಕುಂಟೆ, ಕೆರೆಯಂಗಳಗಳನ್ನು ಮುಚ್ಚುವ ಮುನ್ನ ಒಂದು ಮಳೆಗಾಲವಾದರೂ ಅಲ್ಲಿ ಏನಿದೆ ಎಂದು ನೋಡುವ ನಿಯಮವನ್ನು ಯೋಜನಾ ಪ್ರಾಧಿಕಾರಗಳು ತರುವುದಕ್ಕೆ ಮಾತ್ರ ಇನ್ನೂ ಕಾಲವಿದೆ.